ನಾಲಿಗೆಗೆ ಉಪ್ಪು ಹತ್ತದ ಮಧ್ಯಾಹ್ನ

ದೇವರು ಮೈಮೇಲೆ ಬರುವುದು, ಸತ್ತವರು ಕಾಣುವುದು, ಇಂಥವನ್ನೆಲ್ಲ ನಾನು ನಂಬುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಬಿ.ಎ. ಪಾಸಾದ ಮೊದಲನೆಯವನು ನಾನು. ನಂಬದಿರುವುದೇ ನನ್ನ ದೊಡ್ಡಸ್ತಿಕೆಯಾಗಿತ್ತು. ಆದರೂ ಎಪ್ಪತ್ತರ ದಶಕದ ಆ ಒಂದು ಮಧ್ಯಾಹ್ನಕ್ಕೆ ನನ್ನಲ್ಲಿ ಉತ್ತರವಿಲ್ಲ.

ಕುರಕುಂಟಾದಲ್ಲಿ ನಮ್ಮ ಮನೆ. ತಂಗಿ ಮಹಾದೇವಿಗೆ ಆಗ ಹದಿನಾರು. ಒಮ್ಮೊಮ್ಮೆ ವಾರಗಟ್ಟಲೆ ನಿದ್ದೆಯಿಲ್ಲದೆ ಹಾಡುತ್ತ, ಬಡಬಡ ಮಾತಾಡುತ್ತ ಓಣಿಯೆಲ್ಲ ತಿರುಗುತ್ತಿದ್ದಳು. ಆಮೇಲೆ ಎರಡು ತಿಂಗಳು ಕೌದಿ ಹೊದ್ದು ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಹಾಡುವ ದಿನಗಳಲ್ಲಿ ದೇವಿ ಮೈಮೇಲೆ ಬಂದಿದ್ದಾಳೆಂದು ಜನ ಕಾಯಿ ಹಿಡಿದು ಬಂದು ಅವಳ ಕಾಲಿಗೆ ಬೀಳುತ್ತಿದ್ದರು. ಕಂದೀಲಿನ ಬೆಳಕಿನಲ್ಲಿ ಓದಿ ಪಾಸಾದ ನನ್ನನ್ನು ಯಾರೂ ತಿರುಗಿ ನೋಡಿರಲಿಲ್ಲ. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ನಾನೇ ಹಟ ಹಿಡಿದು ಅವಳನ್ನು ಹೈದರಾಬಾದಿಗೆ ಕರೆದೊಯ್ದೆ. ಇದು ದೇವರೂ ಅಲ್ಲ, ದೆವ್ವವೂ ಅಲ್ಲ, ಮನಸ್ಸು ಏರಿ ಇಳಿಯುವ ಕಾಯಿಲೆ ಎಂದರು ಡಾಕ್ಟರು. ಲಿಥಿಯಂ ಗುಳಿಗೆ ಬರೆದುಕೊಟ್ಟು, ಊಟದಲ್ಲಿ ಉಪ್ಪು ಬಿಡಬಾರದು, ಬಿಟ್ಟರೆ ಇದೇ ಗುಳಿಗೆ ರಕ್ತದಲ್ಲಿ ಏರಿ ವಿಷವಾಗುತ್ತದೆ ಎಂದು ಉರ್ದುವಿನಲ್ಲಿ ತಿಳಿಸಿ ಹೇಳಿದರು. ಅವ್ವ ಹೊರಗೆ ಕುಳಿತಿದ್ದಳು. ಅವಳಿಗೆ ಗುಳಿಗೆ ನುಂಗುವ ಹೊತ್ತು ಹೇಳಿದೆ, ಉಪ್ಪಿನ ಮಾತು ಮರೆತೆ.

ಊರಿಗೆ ಬಂದವಳೇ ಅವ್ವ ಸನ್ನತಿಯ ದೇವಿಗೆ ಹರಕೆ ಹೊತ್ತಳು. ‘ಹನ್ನೊಂದು ದಿನ ನಾನೂ ನನ್ನ ಮಗಳೂ ಉಪ್ಪು ಬಿಟ್ಟು ಸಪ್ಪನ ಊಟ ಮಾಡ್ತೀವಿ ತಾಯಿ, ಅಕಿಗಿ ನೆಟ್ಟಗ ಮಾಡು.’ ಆಗ ನನಗೆ ಡಾಕ್ಟರ ಮಾತು ನೆನಪಾಯಿತು. ಬಾಯಿ ಬಿಡಲಿಲ್ಲ. ನನ್ನ ಪರೀಕ್ಷೆಗೆಂದು ಅವ್ವ ಒಂದು ಹೊತ್ತಿನ ಊಟವನ್ನೂ ಬಿಟ್ಟವಳಲ್ಲ. ಹನ್ನೊಂದು ದಿನಕ್ಕೆ ಏನಾದೀತು ಎಂದುಕೊಂಡೆ.

ಹರಕೆಯ ಏಳನೆಯ ದಿನ ಮಧ್ಯಾಹ್ನ, ನಾನು ಕೆಲಸಕ್ಕಿದ್ದ ಸೇಡಂನ ಕಚೇರಿಯಲ್ಲಿ ಬುತ್ತಿ ಬಿಚ್ಚಿದೆ. ಪುಂಡಿಪಲ್ಯಕ್ಕೆ ಉಪ್ಪಿಲ್ಲ. ನನಗೂ ಸಪ್ಪನ ಅಡುಗೆ ಕಟ್ಟಿದಳಲ್ಲ ಎಂದು ಸಿಟ್ಟು ಬಂತು. ಜವಾನ ಕಾಶಪ್ಪ ಒಂದು ತುತ್ತು ತಿಂದು ನೋಡಿ ನಕ್ಕ. ‘ಬಿ.ಎ. ಸಾಹೇಬ್ರ, ಉಪ್ಪು ಬರೋಬ್ಬರಿ ಅದರಿ. ಬಾಯಿ ನಿಮ್ದೇ ಕೆಟ್ಟದ.’ ಅವನ ಬುತ್ತಿಯಲ್ಲಿದ್ದ ಉಪ್ಪಿನ ಹರಳೊಂದನ್ನು ನಾಲಿಗೆಯ ಮೇಲಿಟ್ಟುಕೊಂಡೆ. ಮರಳು ಕಚ್ಚಿದಂತಾಯಿತು. ಮೆಣಸಿನಕಾಯಿ ಖಾರವಿತ್ತು, ಪುಂಡಿ ಹುಳಿಯಿತ್ತು. ಉಪ್ಪು ಮಾತ್ರ ಇರಲಿಲ್ಲ.

ಉಪ್ಪಿಲ್ಲದೆ ಗುಳಿಗೆ ನುಂಗುತ್ತಿದ್ದ ತಂಗಿಯ ನೆನಪಾಗಿ, ಸಿಕ್ಕ ಬಸ್ಸು ಹತ್ತಿ ಮನೆಗೆ ಓಡಿದೆ. ಮಹಾದೇವಿಯ ಕೈಕಾಲು ಗಡಗಡ ನಡುಗುತ್ತಿದ್ದವು. ವಾಂತಿ, ತೊದಲು ಮಾತು. ಎದ್ದು ನಿಂತರೆ ಓಲಾಡುತ್ತಿದ್ದಳು.

‘ದೇವಿ ಪರೀಕ್ಷಾ ಮಾಡ್ಲಿಕತ್ತಾಳ’ ಎಂದಳು ಅವ್ವ.

‘ದೇವಿ ಅಲ್ಲವ್ವಾ, ಗುಳಿಗಿ. ಅಕಿಗಿ ಎಬ್ಬಸು, ನಾ ಗಾಡಿ ತರ್ತೀನಿ.’

ಗುಲಬರ್ಗಾದ ದವಾಖಾನೆಯಲ್ಲಿ ಗುಳಿಗೆ ನಿಲ್ಲಿಸಿ ಸಲೈನ್ ಹಚ್ಚಿದರು. ಇನ್ನೊಂದು ದಿನ ತಡವಾಗಿದ್ದರೆ ಹುಡುಗಿ ಉಳಿಯುವುದು ಕಷ್ಟವಿತ್ತು ಎಂದರು.

ತಪ್ಪು ಮಾಡಿದ ಮನಸ್ಸಿನ ಆಟ ಅದು ಎಂದು ಓದಿದವರು ಹೇಳಬಹುದು. ಆದರೆ ಆ ಆರು ದಿನ ನನಗೆ ತಪ್ಪೆನಿಸಿರಲೇ ಇಲ್ಲ. ಚೆನ್ನಾಗಿ ಉಂಡು ಚೆನ್ನಾಗಿಯೇ ಮಲಗಿದ್ದೆ. ಮರುದಿನ ದವಾಖಾನೆಯ ಗಂಜಿಯ ಉಪ್ಪು ಎಂದಿನಂತೆ ನಾಲಿಗೆಗೆ ಹತ್ತಿತು. ಹೇಗೆ, ಯಾಕೆ, ಇವತ್ತಿಗೂ ತಿಳಿದಿಲ್ಲ.

ಮಹಾದೇವಿ ಚೇತರಿಸಿಕೊಂಡಳು. ರಕ್ತ ಪರೀಕ್ಷೆ ಮಾಡಿಸುತ್ತ ಮತ್ತೆ ಅದೇ ಗುಳಿಗೆ ತೆಗೆದುಕೊಂಡಳು, ಶಾಲೆಗೂ ಹೋದಳು. ಅವ್ವ ಓಣಿಯ ತುಂಬ ಹೇಳಿಕೊಂಡು ತಿರುಗಿದಳು: ‘ನನ್ನ ಮಗ ಕಲ್ತಾಂವ ಇದ್ದ, ಅದಕ್ಕೇ ಹುಡುಗಿ ಉಳೀತು.’

ಬುದ್ಧಿ ತಿಳಿದಾಗಿನಿಂದ ಅವಳ ಬಾಯಲ್ಲಿ ಕೇಳಬೇಕೆಂದು ಕಾದಿದ್ದ ಮಾತು ಅದು. ನಾನು ಅಲ್ಲವೆನ್ನಲಿಲ್ಲ.