ಹೂಮಳೆಯ ತಾರೀಖು ಮತ್ತು ಹೊಸ ಮಾತ್ರೆ

೨೦೨೩ನೇ ಇಸವಿ ಮಾರ್ಚ್ ೧೭, ಶುಕ್ರವಾರ. ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಹೊಸ ಮಾತ್ರೆಯ ಮೊದಲನೆಯದನ್ನು ನುಂಗಿದೆ. ಆಕರ: ಹಾಸನದ ವೈದ್ಯೆ ಬರೆದುಕೊಟ್ಟ ಚೀಟಿ ಮತ್ತು ಅದಕ್ಕೆ ಪಿನ್ನು ಹೊಡೆದಿರುವ ಸಕಲೇಶಪುರದ ಔಷಧಿ ಅಂಗಡಿಯ ರಸೀದಿ. ಎರಡೂ ಒಂದೇ ತಾರೀಖನ್ನು ಹೇಳುತ್ತವೆ. ವಾರವನ್ನು ಪಂಚಾಂಗದೊಡನೆ ಹೋಲಿಸಿ ನೋಡಿದ್ದೇನೆ. ಅದೇ ಸಂಜೆ ನಮ್ಮ ತೋಟದ ಮೇಲೆ ಆ ವರ್ಷದ ಹೂಮಳೆ ಬಿತ್ತು ಎಂಬುದಕ್ಕೆ ಮಾತ್ರ ಸದ್ಯಕ್ಕೆ ನನ್ನ ನೆನಪೇ ಆಕರ. ಆ ವರ್ಷದ ಗೋಡೆ ಕ್ಯಾಲೆಂಡರು ಮನೆಯಲ್ಲಿ ಎಲ್ಲೋ ಇದೆ, ಸಿಕ್ಕಿಲ್ಲ. ಸಿಕ್ಕ ಕೂಡಲೇ ತಾಳೆ ನೋಡಬೇಕು.

ಕಾಫಿ ಬೆಳೆಯದ ಸೀಮೆಯ ಓದುಗರಿಗಾಗಿ ಒಂದು ವಿವರಣೆ. ಬೇಸಿಗೆಯ ನಡುವೆ ಒಂದು ಒಳ್ಳೆಯ ಮಳೆ ಬಿದ್ದರೆ ಕಾಫಿ ಗಿಡದ ಮೊಗ್ಗುಗಳು ಸುಮಾರು ಒಂದು ವಾರದ ನಂತರ ಒಟ್ಟಿಗೆ ಅರಳುತ್ತವೆ. ಅದು ಹೂಮಳೆ. ಅದು ಬಾರದಿದ್ದರೆ ಮೊಗ್ಗು ಕಮರುತ್ತದೆ, ವರ್ಷದ ಫಸಲೂ ಅದರೊಡನೆ ಹೋಗುತ್ತದೆ. ಕೆರೆಯಿರುವ ದೊಡ್ಡ ಎಸ್ಟೇಟಿನವರು ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸಿಕೊಳ್ಳುತ್ತಾರೆ. ಹಾನುಬಾಳಿನ ಆಚೆ ಮೂರು ಎಕರೆ ಇಟ್ಟುಕೊಂಡ ನಮ್ಮಂಥವರು ಆಕಾಶ ನೋಡುತ್ತೇವೆ. ಬಿದ್ದ ಮಳೆಯನ್ನು ಪ್ರತಿ ಮನೆಯಲ್ಲೂ ಬೆಳಿಗ್ಗೆ ಅಳೆದು, ಇಂಚು ಮತ್ತು ಅದರ ನೂರನೇ ಒಂದು ಪಾಲಾದ ಸೆಂಟುಗಳಲ್ಲಿ ಗೋಡೆ ಕ್ಯಾಲೆಂಡರಿನ ಚೌಕದೊಳಗೆ ಬರೆಯುವುದು ಇಲ್ಲಿಯ ವಾಡಿಕೆ.

ಯಾವ ಚೌಕದೊಳಗೆ ಎಂಬುದೇ ನಮ್ಮ ದಾಂಪತ್ಯದ ಮೂಲಭೂತ ಪ್ರಶ್ನೆ. ನಾನು ಕಾಫಿ ಮಣ್ಣಿನ ಸಂಶೋಧನೆಯಲ್ಲಿ ವೃತ್ತಿಜೀವನ ಕಳೆದವನು. ನಮ್ಮ ಕಚೇರಿಯ ಪದ್ಧತಿಯಂತೆ ಮಳೆ ಅಳೆದ ದಿನಕ್ಕೆ ಸೇರುತ್ತದೆ. ಶನಿವಾರ ಸಂಜೆ ಬಿದ್ದು ಭಾನುವಾರ ಬೆಳಿಗ್ಗೆ ಅಳೆದದ್ದು ಭಾನುವಾರದ ಮಳೆ. ನನ್ನ ಹೆಂಡತಿ ಹೆತ್ತೂರಿನವಳು. ಹೆತ್ತೂರಿನವರಿಗೆ ಮಳೆಯ ವಿಷಯದಲ್ಲಿ ಪಿತ್ರಾರ್ಜಿತ ಆಸ್ತಿಯ ಮೇಲಿರುವಂಥ ಅಭಿಮಾನವಿದೆ. ಅವಳ ಪ್ರಕಾರ ಮಳೆ ಬಿದ್ದ ದಿನದ್ದು.

"ಶನಿವಾರ ಹುಟ್ಟಿದ ಕೂಸ್ನ ಭಾನುವಾರ ತೂಕ ಹಾಕಿದ್ರೆ ಅದು ಭಾನುವಾರ ಹುಟ್ತು ಅಂತೀರೇನ್ರೀ?" ಎಂದು ಮದುವೆಯಾದ ಮೊದಲ ಮಳೆಗಾಲದಲ್ಲೇ ಕೇಳಿದ್ದಳು. ನನ್ನ ಬಳಿ ವಿದ್ವತ್ಪೂರ್ಣ ಉತ್ತರವಿತ್ತು. ಅವಳು ಅದನ್ನು ಪೂರ್ತಿ ಕೇಳುವ ವ್ಯವಧಾನವನ್ನು ಇಂದಿಗೂ ಮಾಡಿಕೊಂಡಿಲ್ಲ.

ಹೀಗಾಗಿ ಒಂದು ಒಪ್ಪಂದ ತಾನಾಗಿ ಏರ್ಪಟ್ಟಿತು. ಅವಳು ನೀಲಿ ಪೆನ್ನಿನಲ್ಲಿ ಬಿದ್ದ ದಿನದ ಚೌಕದಲ್ಲಿ ಬರೆಯುತ್ತಾಳೆ. ನಾನು ಪೆನ್ಸಿಲಿನಲ್ಲಿ ಒಂದು ಬಾಣ ಎಳೆದು ಅದನ್ನು ಮರುದಿನಕ್ಕೆ ಕಳಿಸುತ್ತೇನೆ. ನಮ್ಮ ಮನೆಯ ಜುಲೈ ತಿಂಗಳನ್ನು ನೋಡಿದವರು ಅದನ್ನು ಯುದ್ಧಭೂಮಿಯ ನಕ್ಷೆ ಎಂದು ಭಾವಿಸಿದರೆ ಅವರ ತಪ್ಪಲ್ಲ.

ನಿವೃತ್ತಿಯ ಎರಡನೆಯ ಬೇಸಿಗೆಯಲ್ಲಿ ನನಗೆ ಎದೆ ಹೊಡೆದುಕೊಳ್ಳಲು ಆರಂಭವಾಯಿತು. ಕಾರಣವಿಲ್ಲದೆ ಅಂಗೈ ಬೆವರುವುದು, ಏನೋ ಕೆಟ್ಟದ್ದು ಗೇಟಿನವರೆಗೆ ಬಂದು ನಿಂತಿದೆ ಎನ್ನಿಸುವುದು, ಕುರ್ಚಿಯಲ್ಲಿ ಕೂರಲಾಗದೆ ಎದ್ದು ಅಂಗಳದ ಉದ್ದಕ್ಕೂ ತಿರುಗುವುದು. ಇದು ಕಾಯಿಲೆಯೆಂದು ಯಾರಿಗೂ ಹೊಳೆಯಲಿಲ್ಲ. ಏಕೆಂದರೆ ಅದು ಮಾರ್ಚ್ ತಿಂಗಳು. ಮಾರ್ಚಿನಲ್ಲಿ ಸಕಲೇಶಪುರ, ಆಲೂರು ತಾಲ್ಲೂಕುಗಳ ಕಾಫಿಯವರೆಲ್ಲ ಆಕಾಶ ನೋಡುತ್ತಾ ಅಂಗಳದಲ್ಲಿ ತಿರುಗುವವರೇ. ಪೇಟೆಯಲ್ಲಿ ಕಾಫಿ ವ್ಯಾಪಾರ ಮಾಡುವ ನನ್ನ ಹಳೆಯ ಸ್ನೇಹಿತರೊಬ್ಬರು, ನಾವೆಲ್ಲ ಸಾಹೇಬರು ಎಂದು ಕರೆಯುವವರು, ಚಹಾ ತರಿಸಿ ಸಮಾಧಾನ ಹೇಳಿದರು: "ನಿಮಗೊಬ್ಬರಿಗೇ ಏನು ಸಾರ್? ನನ್ನ ಗೋಡೌನಿಗೆ ಬರೋರಿಗೆಲ್ಲ ಎದೆ ಹೊಡ್ಕೊಳ್ತಾ ಐತೆ. ಒಂದು ಮಳೆ ಬರ್ಲಿ, ಎಲ್ಲ ಸರಿಹೋಗ್ತದೆ."

ಮಳೆ ಬಂತು. ಎಲ್ಲರ ಎದೆಯೂ ಸರಿಹೋಯಿತು; ನನ್ನದೊಂದು ಹೊರತು. ಜುಲೈ ತಿಂಗಳ ಜಡಿಮಳೆಯಲ್ಲಿ, ಮಳೆಗಾಗಿ ಆತಂಕಪಡಲು ಯಾವ ಕಾರಣವೂ ಉಳಿದಿರದ ಹೊತ್ತಿನಲ್ಲಿ, ನಾನು ಇನ್ನೂ ಅಂಗಳದಲ್ಲಿ ಕೊಡೆ ಹಿಡಿದು ತಿರುಗುತ್ತಿದ್ದೆ. ಆಗ ನನ್ನ ಹೆಂಡತಿ, "ಈಗೇನು ಬಿಸಿಲಿಗೆ ಕಾಯ್ತಿದೀರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಾಸನಕ್ಕೆ ಕರೆದೊಯ್ದಳು.

ಅಲ್ಲಿಯ ಮನೋವೈದ್ಯೆ ನನ್ನ ಮಗಳ ವಯಸ್ಸಿನವರು. ಅವರು ಕೊಟ್ಟ ಮೊದಲ ಮಾತ್ರೆಗೆ ನಾನು ಕೃತಘ್ನನಲ್ಲ. ಒಂದೆರಡು ತಿಂಗಳಲ್ಲಿ ಭಯ ಹಿಂದೆ ಸರಿಯಿತು, ಕುರ್ಚಿಯಲ್ಲಿ ಕುಳಿತೆ. ತೊಂದರೆಯೆಂದರೆ ಕುಳಿತವನು ಏಳಲಿಲ್ಲ. ಮಧ್ಯಾಹ್ನವೆಲ್ಲ ತೂಕಡಿಕೆ. ಅದಕ್ಕಿಂತ ಅವಮಾನಕರವಾದದ್ದು ಆಕಳಿಕೆ. ನಿದ್ದೆ ಬಾರದಿದ್ದರೂ, ಬೇಸರವಿಲ್ಲದಿದ್ದರೂ, ಎದುರಿಗಿರುವವರು ಕಥೆಯ ಮುಖ್ಯ ಘಟ್ಟ ಮುಟ್ಟಿದಾಗ ಸರಿಯಾಗಿ ನನ್ನ ಬಾಯಿ ತೆರೆದುಕೊಳ್ಳುತ್ತಿತ್ತು.

ಸಾಹೇಬರ ಬಳಿ ಒಂದು ಕಥೆಯಿದೆ. ಒಂಟಿ ಸಲಗವೊಂದು ಅವರ ಕಾಫಿ ಒಣಗಿಸುವ ಕಣಕ್ಕೆ ನುಗ್ಗಿ, ಯಾರಿಗೂ ಏನೂ ಮಾಡದೆ, ಹರವಿದ್ದ ಕಾಫಿಯ ಮೇಲೆ ನಿಧಾನವಾಗಿ ಒಂದು ಸುತ್ತು ಹಾಕಿ ಹೋದದ್ದು. ಈ ಕಥೆಯ ಇಸವಿಯನ್ನು ಅವರು ಪ್ರತಿಸಲವೂ ತಪ್ಪು ಹೇಳುತ್ತಾರೆ, ನಾನು ಪ್ರತಿಸಲವೂ ತಿದ್ದುತ್ತೇನೆ, ಗೋಡೌನಿನವರೆಲ್ಲ ನಗುತ್ತಾರೆ. ಆ ವರ್ಷದ ಕೊನೆಯಲ್ಲಿ ಒಂದು ದಿನ ಅವರು ಕಥೆ ಹೇಳಿ, ಇಸವಿ ಹೇಳಿ, ನನ್ನ ಮುಖ ನೋಡುತ್ತಾ ನಿಂತರು. ನಾನು ಆಕಳಿಸಿದೆ.

"ಸಾರ್, ಎರಡು ವರ್ಷ ತಪ್ಪು ಹೇಳ್ದೆ ನಾನು."

"ಇರಲಿ ಬಿಡಿ ಸಾಹೇಬರೇ, ಎರಡು ವರ್ಷ ತಾನೇ," ಎಂದೆ.

ಅವರು ಚಹಾದ ಲೋಟವನ್ನು ಕೆಳಗಿಟ್ಟು, ಅಂದೇ ನನ್ನ ಮನೆಗೆ ಫೋನು ಮಾಡಿದರಂತೆ. "ಅಕ್ಕಾ, ಸಾರ್‌ಗೆ ಏನೋ ಆಗ್ಬುಟ್ಟೈತೆ. ಇಸವಿ ಬಿಟ್ಟುಕೊಟ್ರು."

ನನ್ನ ಹೆಂಡತಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಕ್ಯಾಲೆಂಡರಿನಲ್ಲಿ ಅಕ್ಟೋಬರಿನಿಂದ ಒಂದೂ ಬಾಣವಿರಲಿಲ್ಲ. ಮೊದಮೊದಲು ಅವಳು ಇದನ್ನು ತನ್ನ ಐತಿಹಾಸಿಕ ವಿಜಯವೆಂದು ತಿಳಿದು ತವರಿಗೆಲ್ಲ ಹೇಳಿಕೊಂಡಿದ್ದಳು. ನಂತರ ಅನುಮಾನ ಬಂದು, ಬೇಕೆಂದೇ ಮಳೆಯನ್ನು ತಪ್ಪು ವಾರಕ್ಕೆ ಬರೆದು ನೋಡಿದಳು. ನಾನು ಅದರ ಮುಂದೆಯೇ ನಿಂತು ಕಾಫಿ ಕುಡಿದು ಹೋದೆ. ಜನವರಿಯಲ್ಲಿ ಊಟಕ್ಕೆ ಬಂದಿದ್ದ ನೆಂಟರ ಎದುರು ನಮ್ಮ ಮದುವೆಯ ಇಸವಿಯನ್ನೇ ಬೇರೆ ಹೇಳಿದಳು. ನಾನು "ಹೌದು" ಎಂದೆ. ಅವಳು ಸಾರಿನ ಸೌಟನ್ನು ಪಾತ್ರೆಯೊಳಗೇ ಬಿಟ್ಟು ನನ್ನನ್ನು ನೋಡಿದಳು. ಆ ನೋಟದಲ್ಲಿ ವಿಜಯದ ಲವಲೇಶವೂ ಇರಲಿಲ್ಲ.

ನೆಂಟರು ಹೋದ ಮೇಲೆ ಕೇಳಿದಳು, "ನಿಮಗೆ ಗೊತ್ತಾಗ್ಲಿಲ್ವೋ, ಬೇಕಾಗ್ಲಿಲ್ವೋ?"

ಸತ್ಯವಾದ ಉತ್ತರವನ್ನೇ ಕೊಟ್ಟೆ. ಗೊತ್ತಾಗಿತ್ತು. ಬೇಕೆನಿಸಲಿಲ್ಲ. ಭಯವನ್ನು ಹೊರಹಾಕಲು ಹೋದ ಮಾತ್ರೆ ಹಾಗೆಯೇ ಒಳಗಿನ ಉಳಿದ ಸಾಮಾನುಗಳನ್ನೂ ಅಂಗಳಕ್ಕೆ ಇಟ್ಟಂತಿತ್ತು.

ಹಾಸನದಲ್ಲಿ ದೂರು ಕೊಟ್ಟವಳು ಅವಳೇ. "ಇವ್ರು ಜಗಳ ಆಡ್ತಿಲ್ಲ ಡಾಕ್ಟ್ರೇ."

ವೈದ್ಯೆ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. "ಅಮ್ಮ, ಸಾಮಾನ್ಯವಾಗಿ ನನ್ನ ಹತ್ತಿರ ಬರೋರು ಇದರ ಉಲ್ಟಾ ಹೇಳ್ತಾರೆ."

"ಅವರ ಮನೆ ವಿಷ್ಯ ನಂಗೊತ್ತಿಲ್ಲ. ನಂಗೆ ಇವ್ರು ಇವ್ರ ಹಾಗೇ ಬೇಕು. ಈಗ ಇರೋರು ಒಳ್ಳೇವ್ರೇ, ಆದ್ರೆ ಪರಿಚಯ ಇಲ್ಲ."

ವೈದ್ಯೆ ನಗಲಿಲ್ಲ. ಕೆಲವರಿಗೆ ಈ ಔಷಧಿಯಿಂದ ಮನಸ್ಸು ಹೀಗೆ ಚಪ್ಪಟೆಯಾಗುವುದುಂಟು, ಬೇರೆ ಮಾತ್ರೆಗೆ ಬದಲಾಯಿಸಿ ನೋಡಬಹುದು ಎಂದರು. ಹಳೆಯದನ್ನು ಹಂತಹಂತವಾಗಿ ತಗ್ಗಿಸಿ ಹೊಸದನ್ನು ಆರಂಭಿಸಬೇಕು. ಯಾವುದನ್ನೂ ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು. ಹೊಸದು ಹಿಡಿಯಲು ವಾರಗಳು ಬೇಕು. ನಡುವೆ ಭಯ ಮರಳಿ ಬರಬಹುದು.

ಕೊನೆಯ ವಾಕ್ಯ ಕೇಳಿ ನನ್ನ ಅಂಗೈ ಬೆವರಿತು. ನನ್ನ ಪಾಲಿಗೆ ಪ್ರಶ್ನೆ ಸರಳವಾಗಿತ್ತು: ಬಾಣ ಎಳೆಯದೆಯೂ ಮನುಷ್ಯ ಬದುಕಬಹುದು, ಆ ಅಂಗಳಕ್ಕೆ ಮತ್ತೆ ಹೋಗುವುದು ನನ್ನಿಂದಾಗದು. ಇದನ್ನು ನೇರವಾಗಿ ಹೇಳಲು ನಾಚಿಕೆಯಾಗಿ, ಶಾಸ್ತ್ರೀಯ ಆಕ್ಷೇಪಣೆ ಎತ್ತಿದೆ. ಕ್ಷೇತ್ರ ಪ್ರಯೋಗವೊಂದರಲ್ಲಿ ಗೊಬ್ಬರ ಬದಲಿಸಿದರೆ, ಪಕ್ಕದಲ್ಲಿ ಏನೂ ಬದಲಿಸದ ಒಂದು ತಾಕು ಇರಬೇಕು; ಇಲ್ಲದಿದ್ದರೆ ಫಲಿತಾಂಶವನ್ನು ಯಾವುದಕ್ಕೆ ಹೋಲಿಸುವುದು?

"ನಾನಿದೀನಲ್ಲ," ಎಂದಳು ನನ್ನ ಹೆಂಡತಿ. "ನಂಗೇನೂ ಕೊಡ್ಬೇಡಿ ಡಾಕ್ಟ್ರೇ. ನಾನು ಇದ್ದ ಹಾಗೇ ಇರ್ತೀನಿ. ನನ್ ಪಕ್ಕ ಇಟ್ಟು ನೋಡ್ಕೊಳ್ಲಿ."

ಇದಕ್ಕೆ ಪ್ರತಿಯಾಗಿ ಹೇಳಬಹುದಾದದ್ದು ಮಣ್ಣಿನ ವಿಜ್ಞಾನದಲ್ಲಿ ಏನೂ ಇಲ್ಲ. ಒಪ್ಪಿದೆ.

ಹಳೆಯ ಮಾತ್ರೆ ತಗ್ಗಿಸಿದ ವಾರಗಳ ನೆನಪು ನನಗೆ ಚೆನ್ನಾಗಿದೆ. ತಲೆ ತಿರುಗಿಸಿದರೆ ಒಳಗೆ ಸಣ್ಣಗೆ ಕರೆಂಟು ಹೊಡೆದಂತಾಗುತ್ತಿತ್ತು. ಹಾನುಬಾಳಿನ ಬಸ್ಸಿನ ತಿರುವುಗಳಲ್ಲಿ ಹೆಂಡತಿಯ ಸೆರಗಿನ ತುದಿ ಹಿಡಿದು ಕೂರುತ್ತಿದ್ದೆ. ಅವಳು ಕಂಡಕ್ಟರನಿಗೆ, "ಎರಡು ಟಿಕೆಟ್ ಕೊಡಪ್ಪ, ಇವ್ರು ಮಡಿಲಲ್ಲಿ ಕೂರ್ತಿಲ್ಲ ಇನ್ನೂ," ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದ್ದು ಸಹ ನೆನಪಿದೆ.

ಇನ್ನು ಮಾರ್ಚ್ ಹದಿನೇಳರ ಸಂಜೆ. ಮಾತ್ರೆ ನುಂಗಿ ಜಗಲಿಯ ಮೇಲೆ ಕುಳಿತಿದ್ದೆ. ಕಾಫಿ ಸ್ಟೋರಿನ ತಗಡಿನ ಶೀಟಿನ ಮೇಲೆ ಮೊದಲು ಒಂದೆರಡು ಹನಿ, ಆಮೇಲೆ ಒಂದೇ ಸಮನೆ ಸದ್ದು. ಒಣಗಿದ ಮಣ್ಣಿನ ವಾಸನೆ ಎದ್ದಿತು. "ಮಳೆ ಬಂತು ಕಣೇ!" ಎಂದು ಕೂಗಿದೆ. ಎದೆಯೊಳಗೆ ಬಿಗಿದಿದ್ದ ಹಗ್ಗ ಸಡಿಲವಾಯಿತು. ಮರುದಿನ ಬೆಳಿಗ್ಗೆ ಅವಳು ಮಳೆ ಅಳೆದು, ಹದಿನೇಳರ ಚೌಕದಲ್ಲಿ ಬರೆದು ಅತ್ತ ತಿರುಗುವಷ್ಟರಲ್ಲಿ ನಾನು ಪೆನ್ಸಿಲು ಹುಡುಕಿ ಬಾಣ ಎಳೆದೆ. ಅವಳು ನೋಡಿದಳು, ಬಾಗಿಲಿಗೆ ಒರಗಿ ನಿಂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಬಂದ್ರಪ್ಪ, ಬಂದ್ರು. ಇನ್ನು ಮನೇಲಿ ನೆಮ್ಮದಿ ಇಲ್ಲ," ಎಂದಳು.

ಇಲ್ಲಿಯವರೆಗೆ ಬರೆದು, ಈ ನೆನಹನ್ನು ಮುಗಿಸಿದೆನೆಂದು ಭಾವಿಸಿದ್ದೆ. ಆಗ ಕ್ಯಾಲೆಂಡರು ಸಿಕ್ಕಿತು. ಹಳೆಯ ಕ್ಯಾಲೆಂಡರುಗಳನ್ನು ನನ್ನ ಹೆಂಡತಿ ಇಸವಿಯ ಪ್ರಕಾರವಲ್ಲ, ಸುರುಳಿಯ ಗಾತ್ರದ ಪ್ರಕಾರ ಒಂದರೊಳಗೊಂದು ಸೇರಿಸಿಡುವುದರಿಂದ ಇಷ್ಟು ತಡವಾಯಿತು. ಮಾರ್ಚ್ ತಿಂಗಳನ್ನು ಮೇಜಿನ ಮೇಲೆ ಹರಡಿ ನೋಡಿದೆ. ಹದಿನೇಳರ ಚೌಕದಲ್ಲಿ ಇಂಚೂ ಇಲ್ಲ, ಸೆಂಟೂ ಇಲ್ಲ. ನೀಲಿ ಅಕ್ಷರದಲ್ಲಿ ಎರಡೇ ಪದ: "ಪಕ್ಕದವ್ರ ಸ್ಪ್ರಿಂಕ್ಲರ್."

ಕೂಗಿ ಕರೆದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ಬಂದಳು.

"ಹದಿನೇಳಕ್ಕೆ ಮಳೆ ಎಲ್ ಬಂತು? ಪಕ್ಕದ ಎಸ್ಟೇಟಿನವ್ರು ಬೇಲಿ ಹತ್ರ ನೀರಿನ ಜೆಟ್ ಇಟ್ಟು, ಅರ್ಧ ನೀರು ನಮ್ ಶೀಟಿಗೆ ಹೊಡೀತಿತ್ತು. ಸ್ಪ್ರಿಂಕ್ಲರ್ ಕಣ್ರೀ ಅಂದೆ. ನೀವು ಕೇಳಿಸ್ಕೊಂಡ್ರೆ ತಾನೆ? ಅಷ್ಟು ಖುಷೀಲಿದ್ರಿ, ಎರಡನೇ ಸಲ ಹೇಳಕ್ಕೆ ಮನಸ್ಸು ಬರ್ಲಿಲ್ಲ."

"ಹಾಗಾದರೆ ಮರುದಿನದ ಬಾಣ?"

ಅವಳು ಹಾಳೆ ಮಗುಚಿ ಏಪ್ರಿಲ್ ತೋರಿಸಿದಳು. ಹೂಮಳೆ ಎಂಟನೇ ತಾರೀಖು, ಶನಿವಾರ ಬಿದ್ದಿದೆ. ನಮ್ಮ ಕ್ಯಾಲೆಂಡರಿನಲ್ಲಿ ವಾರಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಶನಿವಾರ ಕಟ್ಟಕೆಳಗಿನ ಚೌಕ, ಭಾನುವಾರ ಪಕ್ಕದ ಸಾಲಿನ ಮೇಲ್ತುದಿಯಲ್ಲಿ. ಅಲ್ಲಿಂದ ಇಲ್ಲಿಗೆ ಪೆನ್ಸಿಲಿನ ಬಾಣವೊಂದು ಇಡೀ ವಾರವನ್ನು ಬಳಸಿಕೊಂಡು ಹತ್ತಿತ್ತು. ನನ್ನ ಕೈಯದೇ, ಸಂಶಯವಿಲ್ಲ. ಅಷ್ಟು ಕಷ್ಟಪಟ್ಟು ಬಾಣ ಎಳೆಯುವವರು ನಮ್ಮ ಹೋಬಳಿಯಲ್ಲಿ ಬೇರಾರೂ ಇಲ್ಲ.

"ನಡುವೆ ಮೂರು ವಾರ ಇದೆಯಲ್ಲ. ಆಗ ನಾನೇನು ಮಾಡುತ್ತಿದ್ದೆ?"

ಅವಳು ಸುರುಳಿಗೊಳ್ಳುತ್ತಿದ್ದ ಹಾಳೆಯನ್ನು ಅಂಗೈಯಿಂದ ಸಮ ಮಾಡಿದಳು. ತಮಾಷೆಯ ಮಾತೊಂದು ಬರುತ್ತದೆಂದು ಕಾದೆ.

"ನನ್ ಹಿಂದೆ ಹಿಂದೆ ತಿರುಗ್ತಿದ್ರಿ. ಗಿಡದ ಸಾಲಿಗೆ ಹೋದ್ರೆ ಸಾಲಿಗೆ, ಬಾವಿ ಹತ್ರ ಹೋದ್ರೆ ಬಾವಿ ಹತ್ರ. ಒಬ್ರೇ ಇರಕ್ಕಾಗ್ತಿರ್ಲಿಲ್ಲ ನಿಮ್ಗೆ. ಡಾಕ್ಟ್ರಿಗೆ ಫೋನ್ ಮಾಡ್ದೆ, ಮಾತ್ರೆ ಬಿಡ್ಬೇಡಿ, ಕಾಯಿರಿ ಅಂದ್ರು. ಕಾದೆ." ನಂತರ, ಹೆಚ್ಚು ಹೇಳಿಬಿಟ್ಟೆನೇನೋ ಎಂಬಂತೆ, "ಸ್ನಾನದ ಮನೆ ಬಾಗಿಲಲ್ಲಿ ನಿಂತು ಹೆತ್ತೂರಿನ ಮಳೆ ಲೆಕ್ಕ ಸರಿ ಅಂತಾನೂ ಒಪ್ಕೊಂಡಿದ್ರಿ. ಅದನ್ನೂ ಬರ್ಕೊಳ್ಳಿ," ಎಂದಳು.

ನನಗೆ ಇದರಲ್ಲಿ ಯಾವುದೂ ನೆನಪಿಲ್ಲ. ಯಾವ ಅಂಗಳಕ್ಕೆ ಮತ್ತೆ ಹೋಗಲಾರೆನೆಂದು ಹಾಸನದಲ್ಲಿ ಹೆದರಿದ್ದೆನೋ, ಅಲ್ಲಿಗೆ ಹೋಗಿ ಬಂದಿದ್ದೇನೆ. ಬಂದವನು ಅದನ್ನು ಮರೆತಿದ್ದೇನೆ. ನೆನಪಿಟ್ಟುಕೊಳ್ಳುವ ಕೆಲಸವೂ ಪಕ್ಕದ ತಾಕಿಗೇ ಬಿದ್ದಿತ್ತು.

ಸ್ನಾನದ ಮನೆಯ ಒಪ್ಪಿಗೆಗೆ ಲಿಖಿತ ಆಕರವಿಲ್ಲವಾದ್ದರಿಂದ ಅದನ್ನು ಅಂಗೀಕರಿಸಲಾರೆ. ಉಳಿದದ್ದನ್ನು ಕಂಡಂತೆ ದಾಖಲಿಸುತ್ತೇನೆ: ಮೊದಲ ಪ್ಯಾರಾದಲ್ಲಿ ಹೇಳಿರುವ ಮಳೆ ೨೦೨೩ರ ಮಾರ್ಚ್ ೧೭ರಂದು ಬಿದ್ದಿಲ್ಲ. ಕ್ಯಾಲೆಂಡರಿನ ಪ್ರಕಾರ ಅದು ಬಿದ್ದದ್ದು ಏಪ್ರಿಲ್ ೮; ನಡುವಿನ ಚೌಕಗಳಲ್ಲಿ ನೀಲಿಯೂ ಇಲ್ಲ, ಪೆನ್ಸಿಲೂ ಇಲ್ಲ. ಏಪ್ರಿಲ್ ೮ ಎಂಬ ಆ ತಾರೀಖು ಸಹ ನನ್ನ ಹೆಂಡತಿಯ ಲೆಕ್ಕದ್ದು. ಸರಿಯಾದದ್ದು ಏಪ್ರಿಲ್ ೯.