ಕೌದಿ ತೂಗಿದ ರಂಗಮಂದಿರ

ಸಿಮೆಂಟಿಗೆ ಸೀಳಿ ಗಡುಸಾಗಿದ್ದ ಅಂಗೈ ಕಾಕಾ ಅವರದು. ಯಾರ ಮನೆಯೊಳಗೆ ಕಾಲಿಟ್ಟರೂ ಮೊದಲು ಒಂದು ಚಪ್ಪಾಳೆ ತಟ್ಟಿ, ತಲೆ ವಾಲಿಸಿ ಕಿವಿಗೊಡುವರು. ನಮ್ಮ ಅಡುಗೆಮನೆಯಲ್ಲೂ ತಟ್ಟಿ, “ಚಲೋ ಅದವ್ವ. ಇಲ್ಲಿ ಮಾತು ಬಿದ್ದಲ್ಲೇ ಬೀಳ್ತದ” ಎಂದಿದ್ದರು.

ಭೀಮರಾಯನಗುಡಿ ಕ್ಯಾಂಪಿನಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸ್ ಅವರದು. ಕಾಲುವೆ ಎಂಜಿನಿಯರು, ನಮಗೆ ಕಾಕಾ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಶಹಾಪುರದ ರಂಗಮಂದಿರ ಕಟ್ಟುವ ಕೆಲಸ ಪಾಲಿಗೆ ಬಂದಾಗ ಅದರಲ್ಲೇ ಜೀವ ಇಟ್ಟರು. ನಡುವೆ ಒಂದೂ ಕಂಬವಿಲ್ಲ, ಗೋಡೆ ಬಿಲ್ಲಿನ ಹಾಗೆ ಬಾಗಿದ್ದು, ಕುರ್ಚಿಯ ಸಾಲು ಮೆಟ್ಟಿಲು ಮೆಟ್ಟಿಲು. “ಕಡೀ ಸಾಲಿನಾಗ ಕುಂತಾಕಿಗೂ ಕಾಣಬೇಕು” ಎನ್ನುವರು.

ಕಂಡಿತು. ಕೇಳಲಿಲ್ಲ. ಕಾಲುವೆಗೆ ಮಾಡಿದಂತೆ ಗೋಡೆಗೂ ನುಣ್ಣಗೆ ಗಿಲಾವು ಮಾಡಿಸಿದ್ದರು. ವೇದಿಕೆಯ ಮಾತು ಗೋಡೆಯಿಂದ ಗೋಡೆಗೆ ಜಾರಿ, ಒಂದರ ಮೇಲೊಂದು ಬಿದ್ದು ಬರೀ ಗದ್ದಲ. ಸೋಮವಾರ ಬಂದು ನೋಡುತ್ತೇವೆ, ಹೀಗೇ ಇದ್ದರೆ ಗೊಬ್ಬರದ ಗೋದಾಮು ಮಾಡುತ್ತೇವೆ ಎಂದರು ಮೇಲಿನ ಸಾಹೇಬರು. ಕಾಕಾ ಊಟ ಬಿಟ್ಟರು. ನಾನು ಕಳಿಸಿದ ರೊಟ್ಟಿ ಹಾಗೇ ಮರಳಿತು.

ಒಂದು ಮುಂಜಾನೆ ಬಾಗಿಲಿಗೆ ಬಂದು, ಹಳೇ ಸೀರೆ ಪದರು ಪದರಾಗಿ ಹೊಲಿದ ನಮ್ಮ ಹೊದಿಕೆಯ ಕೌದಿ ಕೇಳಿದರು. ಗೋಡೆಗೆ ತೂಗುಹಾಕಿದರೆ ದನಿ ಹೀರುತ್ತವಂತೆ. ಬ್ಯಾಸಗಿಯಾಗ ಕಾಕಾಗ ಚಳಿ ಹತ್ತೇದ ಎಂದು ಕ್ಯಾಂಪಿನ ಹೆಣ್ಣುಮಕ್ಕಳು ನಕ್ಕರು, ಆದರೂ ಕೊಟ್ಟರು. ಆಳುಗಳು ತೂಗಿ ಹೋದ ಮೇಲೆ ಕಾಕಾ ನನ್ನನ್ನು ಕಡೇ ಸಾಲಿನಲ್ಲಿ ಕೂಡಿಸಿ, ವೇದಿಕೆ ಹತ್ತಿ, ಮನೆಯಲ್ಲಿ ಮಾತಾಡುವ ದನಿಯಲ್ಲೇ ಕೇಳಿದರು: “ಇವತ್ತೇನು ಪಲ್ಯವ್ವ?”

“ಪುಂಡಿಪಲ್ಯರಿ ಕಾಕಾ.”

ಕಾಕಾ ಅಲ್ಲೇ ವೇದಿಕೆಯ ಮೇಲೆ ಕುಂತುಬಿಟ್ಟರು. ಅಂದು ಹೊಟ್ಟೆತುಂಬ ಉಂಡರು. ದೇವರು ಅಷ್ಟು ಕೊಟ್ಟ.

ಸೋಮವಾರ ಬಂದ ಸಾಹೇಬರು ಬಾಗಿಲಲ್ಲೇ ನಿಂತು, ಇದೇನು ಬಾಣಂತಿ ಕೋಣೆಯೋ ಎಂದು ನಕ್ಕು, ಒಂದು ಮಾತೂ ಆಡಿನೋಡದೆ ಹೋದರು. ಯೂರಿಯಾ ಚೀಲ ಬಂದವು. ನಾವು ಕೌದಿ ಬಿಚ್ಚಿಕೊಂಡು ಬಂದೆವು.

ಆಮೇಲೆ ಕಾಕಾ ಹಾಸಿಗೆ ಬಿಟ್ಟು ಏಳಲಿಲ್ಲ. ಕಡೆಗೆ ಅವರಿಗೆ ಅಂದು ಕಡೇ ಸಾಲಿನಿಂದ ನಾನು ಕೊಟ್ಟ ಉತ್ತರದ ಮೇಲೂ ಅನುಮಾನ ಹತ್ತಿತು. ಗಂಜಿ ಕುಡಿಸುವಾಗ ನನ್ನ ಕೈ ಬಿಗಿಯಾಗಿ ಹಿಡಿದು ಕೇಳಿದರು: “ಅವತ್ತು ಖರೇ ಕೇಳಿತ್ತೇನವ್ವ? ದಿನಾ ನಾ ಕೇಳೋದು ಪಲ್ಯಾನ. ಅಂದಾಜಿನ ಮ್ಯಾಲ ಹೇಳಿದ್ದೇನು?”

ಎಂದೂ ಲಿಂಗ ಮುಟ್ಟಿ ಆಣೆ ಮಾಡಿದವಳಲ್ಲ ನಾನು. ಅಂದು ಕೊರಳಿನ ಲಿಂಗ ಹಿಡಿದೇ ಹೇಳಿದೆ: “ಒಂದೊಂದು ಅಕ್ಷರ ಕೇಳಿತ್ರಿ.”

ನಂಬಿದರೋ ಇಲ್ಲವೋ, ಹಿಡಿದ ಕೈ ಮಾತ್ರ ಸಡಿಲವಾಯಿತು. ಬೆಳಗಾಗುವುದರೊಳಗೆ ಹೋದರು.

ಅಲ್ಲಿ ಮಾತು ಕೇಳಿಸಿತ್ತು ಎಂದು ಹೇಳಲು ಈಗ ನಾನೊಬ್ಬಳೇ ಇದ್ದೇನೆ. ಅದಕ್ಕೇ ಇಷ್ಟು ಬರೆದೆ.