ಮೊದಲ ಸಾಲಿನ ತಾಳ

ತೊಡೆಯ ಮೇಲೆ ತಾಳ ಹಾಕುತ್ತಿದ್ದ ಅತ್ತೆಯ ಕೈಯನ್ನು ಮೆಲ್ಲನೆ ಅದುಮಿ ಹಿಡಿದೆ. ಜಯನಗರದ ಆ ಪುಟ್ಟ ಸಭಾಂಗಣದಲ್ಲಿ ಪಾಶ್ಚಾತ್ಯ ವಾದ್ಯವೃಂದವೊಂದು ನುಡಿಸುತ್ತಿತ್ತು. ಸಭಿಕರ ಕಡೆ ಉಸಿರಾಡಿದರೂ ಕೇಳಿಸುವಂಥ ನಿಶ್ಶಬ್ದ. ನಾವೋ ಮೊದಲ ಸಾಲಿನಲ್ಲಿ. ಅತ್ತೆಯ ಬಳೆ ಸದ್ದಿಗೆ ಹಿಂದೆ ಕೂತವರು ಆಗಲೇ ಬೇಕೆಂದೇ ಕೆಮ್ಮಿದ್ದರು.

"ತಾಳ ಹಾಕ್ದೆ ಸಂಗೀತ ಹೇಗೆ ಕೇಳೋದಮ್ಮ?" ಎಂದು ಪಿಸುಗುಟ್ಟಿ ಅತ್ತೆ ಕೈ ಬಿಡಿಸಿಕೊಂಡರು. ರಾಮನವಮಿ ಸಂಗೀತೋತ್ಸವದ ಪೆಂಡಾಲಿನಲ್ಲಿ ಕೂತು ಬಂದ ಅಭ್ಯಾಸ. ಅಷ್ಟರಲ್ಲಿ ಹೊಸ ಕಾಲದ ಕೃತಿಯೊಂದು ಶುರುವಾಯಿತು. ಏಳರ ಎಣಿಕೆ ಎಂದು ಅತ್ತೆಗೆ ತಕ್ಷಣ ತಿಳಿಯಿತು. ಬಳೆಗಳನ್ನು ಮೇಲೇರಿಸಿಕೊಂಡು ಕೊನೆಯವರೆಗೂ ತಾಳ ಹಾಕಿದರು. ನಾನು ತಲೆ ತಗ್ಗಿಸಿ ಕೂತಿದ್ದೆ.

ಕಛೇರಿ ಮುಗಿದದ್ದೇ, ದೊಡ್ಡ ಪಿಟೀಲಿನಂಥ ಚೆಲ್ಲೋ ನುಡಿಸಿದ ಹುಡುಗಿ ವೇದಿಕೆಯಿಂದಿಳಿದು ನೇರ ನಮ್ಮ ಕಡೆಗೇ ಬಂದಳು. ಅತ್ತೆಯ ಪರವಾಗಿ ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಅತ್ತೆಯ ಕೈ ಹಿಡಿದುಕೊಂಡಳು.

"ಆಂಟಿ, ಆ ಏಳರ ಪೀಸಲ್ಲಿ ನಂಗೆ ಎಣಿಕೆ ತಪ್ಪೋಗಿತ್ತು. ನಿಮ್ಮ ಕೈ ನೋಡ್ಕೊಂಡೇ ಮತ್ತೆ ಸೇರ್ಕೊಂಡೆ."

ನನಗೆ ಹೋದ ಜೀವ ಬಂದಂತಾಯಿತು. ಈ ಸೀಸನ್ನಿನ ಮುಂದಿನ ಕಛೇರಿಗೂ ಮೊದಲ ಸಾಲಿನಲ್ಲೇ ಟಿಕೆಟ್ ತೆಗೆದಿದ್ದೇನೆ. ಅಂದು ಬಲಗೈಗೆ ಒಂದೇ ಬಳೆ ಹಾಕಿಕೊಳ್ಳುವುದಾಗಿ ಅತ್ತೆ ತಾವಾಗಿಯೇ ಹೇಳಿದ್ದಾರೆ. ಒಂದೇ ಇದ್ದರೆ ಸದ್ದಾಗುವುದಿಲ್ಲ.